ಮಾದರಿ ಪಾತಿ

ನನ್ನ ತಂಗಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ ಎಂದು ಬೀದಿಯೆಲ್ಲ ಹೇಳಿಕೊಂಡು ತಿರುಗುವವರಿಗೆ ಒಂದು ವಿಷಯ ಸ್ಪಷ್ಟಪಡಿಸಿಬಿಡುತ್ತೇನೆ. ಅವಳು ಮಾತು ಬಿಟ್ಟಿಲ್ಲ. ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಎದುರಿಗೆ ಸಿಕ್ಕರೆ ನಿಲ್ಲುತ್ತಾಳೆ, ಊಟ ಆಯಿತಾ ಎನ್ನುತ್ತಾಳೆ, ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸುತ್ತಾಳೆ, ಉತ್ತರ ಕೇಳಿಸಿಕೊಂಡು ಹೊರಟುಹೋಗುತ್ತಾಳೆ. ಜಗಳಕ್ಕೆ ನಿಲ್ಲುವವಳಾಗಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಅದಕ್ಕೂ ಅವಳು ದಾರಿ ಕೊಟ್ಟಿಲ್ಲ.

ನಾನು ಯಾರು, ನನ್ನ ಕೆಲಸ ಏನು ಎಂದು ಮೊದಲು ಹೇಳಬೇಕು. ನಮ್ಮ ಬಡಾವಣೆಯ ಹಳೇ ನೀರಿನ ಟ್ಯಾಂಕಿನ ಹಿಂದೆ ಒಂದು ಜಾಗ ಖಾಲಿ ಬಿದ್ದಿತ್ತು. ಒಡೆದ ಕಮೋಡು, ಸವೆದ ಟೈರು, ಗಾಜಿನ ಚೂರು, ಅವುಗಳ ನಡುವೆ ಸಂಸಾರ ಹೂಡಿದ್ದ ನಾಯಿಗಳು. ಒಂದು ಸಂಸ್ಥೆಯವರು ಬಂದು ಅದನ್ನೆಲ್ಲ ಎತ್ತಿಸಿ, ಬೇಲಿ ಹಾಕಿಸಿ, ಹದಿನಾಲ್ಕು ಪಾತಿ ಮಾಡಿಸಿದರು. ಯಾವ ಮನೆಯಲ್ಲಿ ಐದು ವರ್ಷದೊಳಗಿನ ಮಗು ಸೊರಗಿದೆಯೋ ಆ ಮನೆಗೆ ಒಂದು ಪಾತಿ. ತಾಯಿ ವಾರಕ್ಕೆ ಮೂರು ದಿನ ಬಂದು ಪಾಠ ಕೇಳಬೇಕು, ಸೊಪ್ಪು, ಬೀನ್ಸ್, ಕ್ಯಾರೆಟ್ ಬೆಳೆಯಬೇಕು, ಬೆಳೆದದ್ದನ್ನು ಮಗುವಿಗೆ ಉಣಿಸಬೇಕು. ಪಾಠ ಹೇಳುವವಳು ನಾನು. ಸಸಿ ಮಾರುವ ನರ್ಸರಿಯಲ್ಲಿ ಇಪ್ಪತ್ತು ವರ್ಷ ದುಡಿದ ಕೈ ಇದು. ಮಣ್ಣು ಮುಟ್ಟಿದರೆ ಅದಕ್ಕೆ ಏನು ಕಡಿಮೆಯಾಗಿದೆ ಎಂದು ಹೇಳಬಲ್ಲೆ. ಟೀಚರಮ್ಮ, ಟೀಚರಮ್ಮ ಎಂದು ಹೆಂಗಸರು ಹಿಂದೆ ಮುಂದೆ ಸುತ್ತುವಾಗ ನನಗೆ ಖುಷಿಯಾಗುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮಗು ಸೊರಗಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಕಾಗದದ ಪಟ್ಟಿ ಕೊಟ್ಟಿದ್ದರು, ದರ್ಜಿಯ ಟೇಪಿನಂಥದ್ದು. ಮಗುವಿನ ಎಡ ತೋಳಿಗೆ, ಭುಜಕ್ಕೂ ಮೊಣಕೈಗೂ ಸರಿಯಾಗಿ ನಡುವೆ ಅದನ್ನು ಸುತ್ತಬೇಕು. ಬಿಗಿಯೂ ಆಗಬಾರದು, ಸಡಿಲವೂ ಆಗಬಾರದು, ಚರ್ಮಕ್ಕೆ ತಾಗಿಕೊಂಡು ಕೂರಬೇಕು. ಹಸಿರು ಬಣ್ಣದಲ್ಲಿ ನಿಂತರೆ ಮಗು ಚೆನ್ನಾಗಿದೆ. ಹಳದಿಯಾದರೆ ಸೊರಗುತ್ತಿದೆ. ಕೆಂಪಾದರೆ ಆಸ್ಪತ್ರೆಗೆ ಸೇರಿಸಬೇಕು. ಓದು ಬಾರದವರಿಗೂ ಅರ್ಥವಾಗುವ ಹಾಗೆ ಮಾಡಿದ್ದರು. ಪ್ರತಿ ತಾಯಿಗೂ ಮನೆಗೆ ಒಂದು ಪಟ್ಟಿ ಕೊಟ್ಟಿದ್ದೆವು, ನಾನು ಅಳೆಯುವುದನ್ನು ನೋಡಿ ಕಲಿತುಕೊಂಡು ಅವರೂ ವಾರಕ್ಕೊಮ್ಮೆ ಅಳೆಯಲಿ ಎಂದು.

ಇನ್ನು ನನ್ನ ತಂಗಿ. ನನಗಿಂತ ಹದಿನೇಳು ವರ್ಷ ಚಿಕ್ಕವಳು. ಅಮ್ಮ ಹೋದಾಗ ಅವಳಿಗೆ ನಾಲ್ಕು ತುಂಬಿರಲಿಲ್ಲ. ಎತ್ತಿ ಆಡಿಸಿದ್ದು, ಹೇನು ಹೆಕ್ಕಿದ್ದು, ಮಗ್ಗಿ ಬಾಯಿಪಾಠ ಮಾಡಿಸಿದ್ದು, ಕೊನೆಗೆ ಗಂಡು ಹುಡುಕಿದ್ದು ಎಲ್ಲ ನಾನೇ. ಅಕ್ಕ ಹೇಳಿದ ಮೇಲೆ ಮುಗಿಯಿತು, ಅವಳಿಗೆ ಅದರ ಮೇಲೆ ಮಾತಿಲ್ಲ. ಚಿಕ್ಕವಳಿದ್ದಾಗ ಒಂದು ಸಲ ಅಂಗಡಿಯ ಮುಂದೆ ನಿಂತಿರು ಎಂದು ಹೇಳಿ ಹೋದವಳು, ಯಾರೋ ಸಿಕ್ಕರೆಂದು ಹರಟೆಗೆ ನಿಂತು ಅವಳನ್ನು ಮರೆತೇಬಿಟ್ಟೆ. ಬಂದು ನೋಡಿದರೆ ಅದೇ ಜಾಗದಲ್ಲಿ, ಚಡ್ಡಿ ಒದ್ದೆ ಮಾಡಿಕೊಂಡು, ನಿಂತೇ ಇದ್ದಳು. ನೆರೆಯವರು ಬಂದಾಗಲೆಲ್ಲ ಈ ಕಥೆ ಹೇಳಿ ನಗಿಸುತ್ತಿದ್ದೆ. ಅವಳೂ ನಗುತ್ತಿದ್ದಳು.

ಅವಳ ಮನೆ ನಾಲ್ಕನೇ ಸಾಲಿನ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಕೋಣೆ. ಗಂಡ ಗೋದಾಮಿನಲ್ಲಿ ಮೂಟೆ ಇಳಿಸುವವನು, ಆ ವರ್ಷ ಬೆನ್ನು ಹಿಡಿದುಕೊಂಡು ಅರ್ಧ ದಿನ ಕೆಲಸ, ಅರ್ಧ ದಿನ ಮಂಚ. ಇವಳು ಕಿಟಕಿಯ ಪಕ್ಕ ಮೆಷೀನು ಇಟ್ಟುಕೊಂಡು ಕಾರ್ಖಾನೆಯವರು ಕೊಟ್ಟ ಕಾಲರುಗಳನ್ನು ಹೊಲಿಯುತ್ತಿದ್ದಳು. ಒಬ್ಬಳೇ ಮಗಳು, ಎರಡೂವರೆ ವರ್ಷ. ತಿನ್ನುವುದು ಕಡಿಮೆ, ಬಾಯಿ ಮಾತ್ರ ಮುಚ್ಚುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಗುಬ್ಬಿ ಎನ್ನುತ್ತಿದ್ದೆವು. ಮೊದಲ ದಿನ ಗುಬ್ಬಿಯ ತೋಳಿಗೆ ಪಟ್ಟಿ ಸುತ್ತಿದಾಗ ಹಳದಿಯಲ್ಲಿ ನಿಂತಿತು, ಅದೂ ಕೆಂಪಿಗೆ ಹತ್ತಿರದಲ್ಲೇ. ತಂಗಿಯ ಮುಖ ಬಿಳಿಚಿಕೊಂಡಿತು. ನಮ್ಮ ಅಮ್ಮನ ಹೊಟ್ಟೆಯಲ್ಲಿ ನಮ್ಮಿಬ್ಬರ ನಡುವೆ ಹುಟ್ಟಿದ ಮೂರು ಮಕ್ಕಳಲ್ಲಿ ಒಂದೂ ಉಳಿದಿರಲಿಲ್ಲ. ಆ ಲೆಕ್ಕ ನಮ್ಮಿಬ್ಬರಿಗೂ ಗೊತ್ತಿತ್ತು.

"ಅಕ್ಕ, ಕೆಂಪಿಗೆ ಹೋಗೋಕೆ ಬಿಡಲ್ಲ ಅಲ್ವಾ ನೀನು?" ಎಂದಳು.

ಮೂರು ತಿಂಗಳಲ್ಲಿ ಹಸಿರು ಮಾಡಿ ತೋರಿಸುತ್ತೇನೆ, ನಾನು ಹೇಳಿದ ಹಾಗೆ ಮಾಡಿಕೊಂಡು ಹೋಗು, ಸಾಕು ಎಂದೆ. ಎದೆ ತಟ್ಟಿಕೊಂಡೇ ಹೇಳಿದೆ.

ಹೇಳಿದ ಹಾಗೆ ಮಾಡುವುದರಲ್ಲಿ ಅವಳನ್ನು ಮೀರಿಸುವವರು ಯಾರಿದ್ದರು? ಒಂದು ಗೇಣು ಬಿಟ್ಟು ನೆಡಿ ಎಂದರೆ ಉಳಿದವರು ಕಣ್ಣಳತೆಯಲ್ಲಿ ಗೀಚುತ್ತಿದ್ದರು, ಅವಳು ಕೂತು ಗೇಣು ಹಾಕಿಯೇ ನೆಡುತ್ತಿದ್ದಳು. ಬೇರು ನೆನೆಯುವ ಹಾಗೆ ನೀರು ಹಾಕಿ ಎಂದರೆ ಬೆರಳು ಚುಚ್ಚಿ ನೋಡುತ್ತಿದ್ದಳು. ಐದನೇ ವಾರಕ್ಕೆ ಅವಳ ಪಾತಿಯಲ್ಲಿ ಪಾಲಕ್ ಅಂಗೈ ಅಗಲ ಬಂದಿತ್ತು. ಮೂರು ದಿನಕ್ಕೊಮ್ಮೆ ಸುತ್ತಲಿನ ಎಲೆ ಮಾತ್ರ ಮುರಿದು, ಬುಟ್ಟಿಯಲ್ಲಿ ಹಾಕಿಕೊಂಡು ಮೂರು ಮಹಡಿ ಹತ್ತಿ, ನುಣ್ಣಗೆ ಬೇಯಿಸಿ ಒಂದು ಚಮಚ ಎಣ್ಣೆ ಹಾಕಿ ಉಣಿಸುತ್ತಿದ್ದಳು. ಅದರ ಜೊತೆಗೆ ಹಳದಿ, ಕೆಂಪಿನ ಮಕ್ಕಳಿಗೆಲ್ಲ ಆರೋಗ್ಯ ಕೇಂದ್ರದಿಂದ ದಿನಕ್ಕೊಂದು ಮೊಟ್ಟೆ ಸಿಗುತ್ತಿತ್ತು. ಪಟ್ಟಿಯಲ್ಲಿ ಗುಬ್ಬಿಯ ತೋಳು ಎರಡು ಗೀಟು ಮೇಲೆ ಬಂತು. ಆ ಎರಡು ಗೀಟಿಗೆ ಅವಳು ನನ್ನ ಕೈ ಹಿಡಿದುಕೊಂಡು ಅತ್ತಳು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯ ಅಕ್ಕ, ಒಳ್ಳೆಯ ಟೀಚರಮ್ಮ.

ಸಂಸ್ಥೆಯ ಕಡೆಯಿಂದ ನಮ್ಮನ್ನು ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕ ಬರುತ್ತಿದ್ದ. ಕಂಕುಳಲ್ಲಿ ಫೈಲು ಇಲ್ಲದೆ ಅವನನ್ನು ಕಂಡವರಿಲ್ಲ, ಹಾಗಾಗಿ ಹೆಂಗಸರು ಫೈಲಣ್ಣ ಎಂದು ಹೆಸರಿಟ್ಟಿದ್ದರು. ಏಳನೇ ವಾರ ಫೈಲಣ್ಣ ಓಡೋಡಿ ಬಂದ. ಹೊರಗಿನಿಂದ ದೊಡ್ಡವರು ತೋಟ ನೋಡಲು ಬರುತ್ತಾರಂತೆ, ಇನ್ನೆರಡು ವರ್ಷ ಈ ತೋಟ ನಡೆಯಬೇಕೋ ಮುಚ್ಚಬೇಕೋ ಎಂದು ಅವರೇ ತೀರ್ಮಾನ ಮಾಡುವುದಂತೆ. ಒಂದು ಪಾತಿಯನ್ನಾದರೂ ಕಣ್ಣು ಕುಕ್ಕುವ ಹಾಗೆ ಇಡಬೇಕು, ಅದಕ್ಕೆ ಮಾದರಿ ಪಾತಿ ಎಂದು ಬೋರ್ಡು ಹಾಕಬೇಕು ಎಂದ. ಯಾವುದು ಎಂದು ಕೇಳುವ ಅಗತ್ಯವೇ ಇರಲಿಲ್ಲ. ನನಗೆ ಹೆಮ್ಮೆ. ನನ್ನ ತಂಗಿಯ ಪಾತಿ, ನಾನು ಕಲಿಸಿದ್ದು. ಸುತ್ತ ನೀಲಿ ಹಗ್ಗ ಕಟ್ಟಿಸಿದೆ, ಬೋರ್ಡಿಗೆ ನಾನೇ ಬಣ್ಣ ಬಳಿದೆ. ಅವರು ಬಂದುಹೋಗುವವರೆಗೆ ಒಂದು ಎಲೆಯನ್ನೂ ಮುರಿಯಬೇಡ ಎಂದು ತಂಗಿಗೆ ಹೇಳಿದೆ. ಟೀಚರಮ್ಮನ ತಂಗಿ ಎಂದು ಯಾರೂ ಬೆರಳು ತೋರಿಸುವ ಹಾಗಾಗಬಾರದು, ಎಚ್ಚರ ಎಂದೂ ಸೇರಿಸಿದೆ. ಒಂದೇ ವಾರದ ಮಾತು, ಅಷ್ಟರವರೆಗೆ ಉಳಿದ ಹದಿಮೂರು ಮನೆಯವರು ಸರದಿಯ ಮೇಲೆ ಒಂದೊಂದು ಹಿಡಿ ಸೊಪ್ಪು ಅವಳಿಗೆ ಕೊಡಲಿ ಎಂದು ಎಲ್ಲರ ಮುಂದೆ ಒಪ್ಪಿಸಿದೆ.

ಒಂದು ವಾರದ ಮಾತು ಹನ್ನೊಂದು ವಾರವಾಯಿತು. ದೊಡ್ಡವರಿಗೆ ಒಂದು ಸಲ ವಿಮಾನ ತಪ್ಪಿತು, ಒಂದು ಸಲ ಯಾವುದೋ ಸಭೆ, ಮತ್ತೊಂದು ಸಲ ಕಾರಣವನ್ನೂ ಹೇಳಲಿಲ್ಲ. ಪ್ರತಿ ಸಲವೂ ಇನ್ನೇನು ಬಂದೇಬಿಟ್ಟರು ಎನ್ನುವಂತೆ ಫೈಲಣ್ಣ ನಮ್ಮನ್ನು ಕುಣಿಸುತ್ತಿದ್ದ. ಪಾಲಕ್ ಹೂಕಾಂಡ ಬಿಟ್ಟರೆ ತಂಗಿ ಚಿವುಟುತ್ತಿದ್ದಳು, ಹಣ್ಣಾದ ಎಲೆಯನ್ನು ತೆಗೆಯುತ್ತಿದ್ದಳು, ಬೀನ್ಸ್ ಬಲಿತು ನಾರಾದರೆ ಬಳ್ಳಿ ಕಿತ್ತು ಹೊಸ ಬೀಜ ಊರುತ್ತಿದ್ದಳು. ತೆಗೆದದ್ದನ್ನೆಲ್ಲ ಗೊಬ್ಬರದ ಗುಂಡಿಗೆ ಹಾಕುತ್ತಿದ್ದಳು, ಯಾಕೆಂದರೆ ಗುಂಡಿಯೂ ಮಾದರಿಯೇ, ತುಂಬಿರಬೇಕು ಎಂದು ನಾನು ಹೇಳಿದ್ದೆ. ಬೇಯಿಸಿ ತಿನ್ನಬಹುದಾದ ಎಲೆಗಳು. ಸೆರಗಿನಲ್ಲಿ ನಾಲ್ಕು ಕಟ್ಟಿಕೊಂಡು ಹೋಗಿದ್ದರೆ ಯಾರಿಗೆ ತಿಳಿಯುತ್ತಿತ್ತು? ಬೇರೆ ಯಾರೇ ಆಗಿದ್ದರೂ ಒಯ್ಯುತ್ತಿದ್ದರು, ನಾನೂ ಒಯ್ಯುತ್ತಿದ್ದೆ. ಅವಳು ಒಯ್ಯಲಿಲ್ಲ.

ಹದಿಮೂರು ಮನೆಯವರ ಹಿಡಿ ಸೊಪ್ಪು ಎರಡು ವಾರ ಬಂತು, ಮೂರನೇ ವಾರ ಅರ್ಧ ಹಿಡಿಯಾಯಿತು, ಆಮೇಲೆ ನಿಂತೇಹೋಯಿತು. ಅವರನ್ನು ಬೈದು ಏನು ಬಂತು, ಅವರ ಮನೆಯಲ್ಲೂ ಹಳದಿ ಮಕ್ಕಳೇ. ಇದನ್ನು ನನಗೆ ಹೇಳಿದವಳು ಆ ಹದಿಮೂರರಲ್ಲೇ ಒಬ್ಬಳಾದ ಇಸ್ತ್ರಿಯವಳು. ಟ್ಯಾಂಕಿನ ಎದುರು ತಳ್ಳುಗಾಡಿಯಲ್ಲಿ ಬಟ್ಟೆ ಇಸ್ತ್ರಿ ಮಾಡುವವಳು, ಪೆಟ್ಟಿಗೆಯ ಹಾಗೇ ನಾಲಿಗೆಯೂ ಬಿಸಿ. ನಿಮ್ಮ ತಂಗಿ ಬುಟ್ಟಿ ಖಾಲಿ ಹೋಗ್ತಾ ಇದೆ ಟೀಚರಮ್ಮ, ಒಂದು ಸಲ ಅವಳ ಮನೆ ಕಡೆ ಹೋಗಿ ಒಲೆ ನೋಡಿ ಎಂದಳು. ನನ್ನ ಮೈ ಉರಿಯಿತು. ನನ್ನ ತಂಗಿ ನನಗೆ ಗೊತ್ತು, ನಿನ್ನ ಪಾತಿಯ ಕಳೆ ಮೊದಲು ನೋಡಿಕೋ ಎಂದು ಬಾಯಿ ಮುಚ್ಚಿಸಿದೆ. ನಾನು ಆ ಎರಡು ತಿಂಗಳಲ್ಲಿ ಆ ಮೂರು ಮಹಡಿ ಒಂದು ಸಲವೂ ಹತ್ತಲಿಲ್ಲ. ಮೊಣಕಾಲು ನೋವು ಎನ್ನುತ್ತಿದ್ದೆ. ನಿಜ ಏನೆಂದರೆ, ದೊಡ್ಡವರಿಗೆ ತೋರಿಸಲು ಟ್ಯಾಂಕಿನ ಗೋಡೆಗೆ ಅಂಟಿಸುವ ಪಟ ಬರೆಯುವುದರಲ್ಲಿ ಮುಳುಗಿಹೋಗಿದ್ದೆ. ಹದಿನಾಲ್ಕು ಮಕ್ಕಳ ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಬಣ್ಣದ ಚುಕ್ಕೆ.

ಮೂರು ತಿಂಗಳು ತುಂಬಿದ ದಿನ ಅಳತೆ. ಟ್ಯಾಂಕಿನ ನೆರಳಿನಲ್ಲಿ ಚಾಪೆ ಹಾಕಿಕೊಂಡು, ತಾಯಂದಿರೆಲ್ಲ ಸುತ್ತ ಕೂತಿರುವಾಗ, ಒಂದೊಂದೇ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಳೆಯುತ್ತಿದ್ದೆ. ಹಿಂದಿನ ದಿನವೇ ಫೈಲಣ್ಣ ಒಂದು ಮಾತು ಕಿವಿಗೆ ಹಾಕಿದ್ದ. ಮಾದರಿ ಪಾತಿಯ ಮನೆಯ ಮಗುವೇ ಹಳದಿಯಲ್ಲಿದ್ದರೆ ನೋಡಿದವರು ಏನೆಂದುಕೊಳ್ಳುತ್ತಾರೆ, ನೀವೇ ಯೋಚನೆ ಮಾಡಿ ಎಂದಿದ್ದ. ಸುಳ್ಳು ಬರೆಯಿರಿ ಎಂದು ಅವನು ಹೇಳಲಿಲ್ಲ. ಅಷ್ಟು ಹುಷಾರು ಅವನಿಗಿದೆ.

ಗುಬ್ಬಿಯ ತೋಳಿಗೆ ಪಟ್ಟಿ ಸುತ್ತಿದೆ. ಹಳದಿ. ಹಿಂದಿನ ಸಲಕ್ಕಿಂತ ಒಂದು ಗೀಟು ಕೆಳಗೆ. ತಲೆ ಎತ್ತಿದರೆ ಎದುರಿಗೇ ತಂಗಿ, ಮುಂದಕ್ಕೆ ಬಾಗಿ, ಶಾಲೆಯಲ್ಲಿ ಫಲಿತಾಂಶ ಓದುವಾಗ ಕೂರುವ ಹಾಗೆ ಕೂತಿದ್ದಳು. ನಾನು ಪಟ್ಟಿಯನ್ನು ಬಿಚ್ಚಿ, ಸರಿಯಾಗಿ ಕೂರಲಿಲ್ಲ ಎಂದು ಗೊಣಗಿ, ಮತ್ತೆ ಸುತ್ತಿದೆ. ಈ ಸಲ ಪಟ್ಟಿಯ ಕೆಳಗೆ ನನ್ನ ಕಿರುಬೆರಳನ್ನು ತೂರಿಸಿದೆ. ಗುಬ್ಬಿ ದೊಡ್ಡಮ್ಮ ಕಚಗುಳಿ ಇಡ್ತಾಳೆ ಎಂದು ಕಿಲಕಿಲ ನಕ್ಕಳು. ಪಟ್ಟಿ ಹಸಿರಿನಲ್ಲಿ ನಿಂತಿತು.

"ಹಸಿರು," ಎಂದೆ.

ತಂಗಿ ಎದ್ದು ಬಂದು ನನ್ನ ಕೊರಳಿಗೆ ಜೋತುಬಿದ್ದಳು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಗುಬ್ಬಿಗೂ ಖುಷಿಯಾಗಿ ತಾನೂ ತಟ್ಟಿದಳು. ನಾನು ಪಟದ ಮೇಲೆ ಹಸಿರು ಚುಕ್ಕೆ ಹಚ್ಚಿದೆ. ಒಂದು ಬೆರಳಿನ ಮಾತು, ದೊಡ್ಡವರು ಬಂದುಹೋದ ಮಾರನೆಯ ದಿನವೇ ಹಗ್ಗ ಬಿಚ್ಚಿಸಿ ಆ ಪಾತಿಯನ್ನೆಲ್ಲ ಗುಬ್ಬಿಗೆ ಉಣಿಸುತ್ತೇನೆ, ನಿಜವಾಗಿಯೂ ಹಸಿರಾಗುತ್ತಾಳೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ರಾತ್ರಿ ನಿದ್ದೆಯೂ ಬಂತು.

ಆದರೆ ಪಟದಲ್ಲಿ ಹಚ್ಚಿದ ಚುಕ್ಕೆ ಪಟದಲ್ಲೇ ಉಳಿಯುವುದಿಲ್ಲವಲ್ಲ. ಆರೋಗ್ಯ ಕೇಂದ್ರದವರು ನಮ್ಮ ಪಟ ನೋಡಿ ತಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳುವ ಪದ್ಧತಿ. ಹಸಿರಿನ ಮಗುವಿಗೆ ಮೊಟ್ಟೆ ಇಲ್ಲ. ಮುಂದಿನ ಸೋಮವಾರ ಗುಬ್ಬಿಯ ಹೆಸರು ಹೊಡೆದುಹಾಕಿದರು. ತಂಗಿ ತೋಟಕ್ಕೆ ಬಂದು, ಮೊಟ್ಟೆ ನಿಲ್ಲಿಸಿಬಿಟ್ಟರು ಅಕ್ಕ, ಇನ್ನು ಅವಳಿಗೆ ಬೇಡ ಅಂತಲೇ ಅಲ್ವಾ ಎಂದು ಕೇಳಿದಳು. ನಾನು ಬೀಜದ ಡಬ್ಬಿ ತಿರುಗಿಸುತ್ತಾ ಹೌದು ಎಂದೆ. ಇಷ್ಟು ದಿನ ತನ್ನ ಪಾಲಿನ ಹಾಲನ್ನೂ ಮಗಳಿಗೇ ಕುಡಿಸುತ್ತಿದ್ದಳಂತೆ, ಇನ್ನು ಅದರಲ್ಲಿ ಅರ್ಧ ಬೆನ್ನು ನೋವಿನ ಗಂಡನಿಗೆ ಕೊಡುತ್ತೇನೆ, ಅವನೂ ತುಂಬ ಇಳಿದುಹೋಗಿದ್ದಾನೆ ಎಂದಳು. ಕೊಡು ಎಂದೆ. ನನ್ನ ಬಾಯಿಂದಲೇ ಕೊಡು ಎಂದೆ.

ಆಮೇಲಿನ ಆರು ವಾರದ ಬಗ್ಗೆ ನನಗೆ ಹೇಳಲು ಬಾಯಿಲ್ಲ. ಗುಬ್ಬಿಗೆ ಒಂದು ವಾರ ಭೇದಿಯಾಯಿತು, ನಿಂತಿತು. ತೋಟಕ್ಕೆ ಬಂದರೆ ಮೊದಲಿನ ಹಾಗೆ ಓಡಾಡದೆ ಅಮ್ಮನ ಮಗ್ಗುಲಲ್ಲೇ ಕೂರುತ್ತಿದ್ದಳು. ಉದ್ದ ತೋಳಿನ ಅಂಗಿ ಹಾಕಿರುತ್ತಿದ್ದರು, ಚಳಿ ಶುರುವಾಗಿತ್ತು. ಮಗು ಯಾಕೆ ಮಂಕಾಗಿದೆ ಎಂದು ಒಂದು ಸಲ ಕೇಳಿದೆ. ಹಲ್ಲು ಬರುತ್ತಿದೆ ಎಂದಳು. ಹಾಗೇ ಇರಬೇಕು ಎಂದು ನಾನು ಪಟದ ಅಂಚಿಗೆ ಹೂವಿನ ಚಿತ್ರ ಬಿಡಿಸಲು ಹೋದೆ.

ಕೊನೆಗೂ ದೊಡ್ಡವರು ಬಂದರು. ಐದು ಜನ, ಎರಡು ಕಾರು. ಪಾತಿ ಫಳಫಳ ಹೊಳೆಯುತ್ತಿತ್ತು. ಹನ್ನೊಂದು ವಾರ ಒಬ್ಬರ ಹೊಟ್ಟೆಗೂ ಹೋಗದ ಪಾತಿ. ಎಲ್ಲರೂ ಫೋಟೋ ತೆಗೆದುಕೊಂಡರು. ತಂಗಿಯನ್ನು ಪಾತಿಯ ಮುಂದೆ ನಿಲ್ಲಿಸಿ ಗುಬ್ಬಿಯನ್ನು ಎತ್ತಿಕೊಳ್ಳಲು ಹೇಳಿದರು. ಬಂದವರಲ್ಲಿ ಒಬ್ಬರು ಡಾಕ್ಟರು, ನನ್ನ ವಯಸ್ಸಿನ ಹೆಂಗಸು. ಅಷ್ಟು ಹೊತ್ತು ಒಂದು ಮಾತೂ ಆಡದೆ ಗುಬ್ಬಿಯನ್ನೇ ನೋಡುತ್ತಿದ್ದರು. ಫೋಟೋ ಮುಗಿದ ಮೇಲೆ ಹತ್ತಿರ ಹೋಗಿ ಮಗುವಿನ ಅಂಗಿಯ ತೋಳು ಮೇಲೆ ಸರಿಸಿ, ಕೈಚೀಲದಿಂದ ತಮ್ಮದೇ ಒಂದು ಪಟ್ಟಿ ತೆಗೆದು ಸುತ್ತಿದರು. ನಾನು ಆರು ಹೆಜ್ಜೆ ದೂರದಲ್ಲಿದ್ದೆ. ಅಲ್ಲಿಂದಲೇ ಕಂಡಿತು. ಕೆಂಪು.

ಡಾಕ್ಟರು ಗೋಡೆಯ ಪಟ ನೋಡಿದರು, ಅಲ್ಲಿ ಹಸಿರು ಚುಕ್ಕೆ. ಇದನ್ನು ಅಳೆದವರು ಯಾರು ಎಂದು ಕೇಳಿದರು. ಫೈಲಣ್ಣ ಫೈಲು ಬಿಚ್ಚಿ ಅದರೊಳಗೆ ಮುಖ ಹುದುಗಿಸಿದ.

ಆಗ ನಾನು ಹೇಳಿದ ಮಾತನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ. ನನ್ನ ನಾಲಿಗೆ ಎಂಥದ್ದೆಂದು ಎಲ್ಲರಿಗೂ ಗೊತ್ತಾಗಲಿ.

"ಅಳೆದಾಗ ಹಸಿರೇ ಇತ್ತು ಮೇಡಂ. ಮನೇಲಿ ಏನು ಉಣಿಸ್ತಾರೋ ಬಿಡ್ತಾರೋ, ನಾವು ಹೋಗಿ ನೋಡೋಕಾಗುತ್ತಾ?"

ಡಾಕ್ಟರು ತಂಗಿಯ ಕಡೆ ತಿರುಗಿದರು. ಇಷ್ಟು ಒಳ್ಳೆಯ ಪಾತಿ ಇಟ್ಟುಕೊಂಡು ಮಗುವನ್ನು ಹೀಗೆ ಮಾಡಿದ್ದೀಯಲ್ಲಮ್ಮ ಎಂದರು. ಗದರಲಿಲ್ಲ, ಬೇಜಾರಿನಲ್ಲಿ ಹೇಳಿದರು. ತಂಗಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ನಾನು ಅಲ್ಲೇ ಬಾಯಿ ಬಿಡುತ್ತಿದ್ದೆನೋ ಏನೋ. ಸಿಟ್ಟು ಇರಲಿಲ್ಲ. ಲೆಕ್ಕ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ನೋಡಿದಳು, ಅಕ್ಕನ ಮಾನ ಕಳೆದೆ ಎನ್ನುವ ಹಾಗೆ.

"ನಂದೇ ತಪ್ಪು ಮೇಡಂ," ಎಂದಳು. "ನಾನು ಸರಿಯಾಗಿ ನೋಡ್ಕೊಳ್ಳಲಿಲ್ಲ."

ಇಸ್ತ್ರಿಯವಳು ಹಿಂದಿನಿಂದ ಏನೋ ಹೇಳಲು ಬಾಯಿ ತೆರೆದಳು. ತಂಗಿ ಅವಳ ಕೈ ಹಿಡಿದು ಅಮುಕಿದಳು. ದೊಡ್ಡವರ ಕಾರಿನಲ್ಲೇ ತಾಯಿ ಮಗಳನ್ನು ಆಸ್ಪತ್ರೆಗೆ ಕಳಿಸಿದರು. ಕಾರು ಹೋದ ಮೇಲೆ ಉಳಿದವರು ಗೊಬ್ಬರದ ಗುಂಡಿ ನೋಡಿದರು. ಚೆನ್ನಾಗಿ ತುಂಬಿದೆ ಎಂದರು.

ತೋಟ ಮುಚ್ಚಲಿಲ್ಲ. ಹದಿನೈದು ದಿನಕ್ಕೆ ಫೈಲಣ್ಣ ಒಂದು ಕಾಗದ ಹಿಡಿದು ಹಲ್ಲು ಕಿರಿಯುತ್ತಾ ಬಂದ. ಎರಡು ವರ್ಷ ಮುಂದುವರಿಸಿದ್ದಾರಂತೆ, ನನ್ನನ್ನೂ ಉಳಿಸಿಕೊಂಡಿದ್ದಾರಂತೆ. ಒಂದು ಸಾಲು ಓದಿ ಹೇಳಿದ. ಬೆಳೆ ಕಣ್ಣೆದುರಿಗೇ ಇದ್ದರೂ ಮಗುವಿಗೆ ಉಣಿಸದ ತಾಯಿಯನ್ನು ಕಂಡೆವು, ತಾಯಂದಿರಿಗೆ ಇನ್ನೂ ಹೆಚ್ಚಿನ ಪಾಠ ಬೇಕು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ ಎಂದು ಬರೆದಿತ್ತು. ಮಾದರಿ ಪಾತಿಯನ್ನು ಬೇರೆ ಮನೆಗೆ ಕೊಡಿ ಎಂದೂ ಇತ್ತು. ನಿಮ್ಮ ಅದೃಷ್ಟ ಟೀಚರಮ್ಮ ಎಂದ. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಬಾರಿಸಿಕೊಳ್ಳಬೇಕಾದ ಕೆನ್ನೆ ಯಾವುದೆಂದು ತಿಳಿದಿದ್ದರಿಂದ ಸುಮ್ಮನಿದ್ದೆ.

ಆಸ್ಪತ್ರೆಗೆ ಹೋದದ್ದು ಅವತ್ತು ಮಧ್ಯಾಹ್ನ. ಹದಿನೈದು ದಿನ ಹೋಗಿರಲಿಲ್ಲ. ತಂಗಿಯ ಗಂಡ ದಿನಾ ಬಂದು ಸುದ್ದಿ ಹೇಳುತ್ತಿದ್ದ, ಮಗು ಉಳಿಯಿತು, ಹಾಲು ಕುಡಿಯುತ್ತಿದೆ, ಸ್ವಲ್ಪ ಮಾತಾಡುತ್ತಿದೆ ಎಂದು. ಅವನಿಗೆ ಏನೂ ಗೊತ್ತಿರಲಿಲ್ಲ, ನನಗೆ ಕೈ ಮುಗಿಯುತ್ತಿದ್ದ. ಮಕ್ಕಳ ವಾರ್ಡಿನ ಕೊನೆಯ ಮಂಚ, ಪಕ್ಕದಲ್ಲಿ ಕಬ್ಬಿಣದ ಸ್ಟೂಲು. ಗುಬ್ಬಿ ಮಲಗಿದ್ದಳು. ಮುಖ ಸ್ವಲ್ಪ ತುಂಬಿಕೊಂಡಿತ್ತು. ತಂಗಿ ನನ್ನನ್ನು ಕಂಡು ಎದ್ದು ಸ್ಟೂಲು ಬಿಟ್ಟುಕೊಟ್ಟಳು.

ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಆದರೆ ಅವಳೇ ಶುರುಮಾಡಿದಳು, ಮಗು ಎಚ್ಚರವಾಗದ ಹಾಗೆ ಸಣ್ಣ ದನಿಯಲ್ಲಿ.

"ಅಕ್ಕ, ನಿನ್ನೆ ಇಲ್ಲಿ ಸಿಸ್ಟರು ಇವಳ ತೋಳು ಅಳೆಯೋವಾಗ ನಾನಂದೆ, ಬೆರಳು ಇಡೋದು ಮರೆತ್ರಿ ಸಿಸ್ಟರ್ ಅಂತ. ಯಾವ ಬೆರಳು ಅಂತ ಕೇಳಿದ್ರು. ಪಟ್ಟಿ ಇಸ್ಕೊಂಡು ತೋರಿಸಿದೆ."

ಆರು ವಾರ, ಪ್ರತಿ ಭಾನುವಾರ, ಮಗುವನ್ನು ಮೆಷೀನಿನ ಮೇಲೆ ಕೂರಿಸಿಕೊಂಡು, ನಾನು ಮಾಡಿದ ಹಾಗೇ ಕಿರುಬೆರಳು ಒಳಗಿಟ್ಟು ಅಳೆದಿದ್ದಳು. ಪ್ರತಿ ಭಾನುವಾರವೂ ಹಸಿರೇ ಬಂದಿತ್ತು. ಅದಕ್ಕೆ ಮೊದಲು ಮನೆಯಲ್ಲಿ ಹಳದಿ ಬರುತ್ತಿದ್ದದ್ದು ತನ್ನ ಅಳತೆಯ ತಪ್ಪು ಎಂದುಕೊಂಡಿದ್ದಳು. ಮಗು ಸೊರಗಿದ ಹಾಗೆ ಕಾಣುತ್ತಿದೆಯಲ್ಲ ಎಂದು ಗಂಡ ಎರಡು ಸಲ ಕೇಳಿದನಂತೆ. ನಿನಗೇನು ಗೊತ್ತು, ಪಟ್ಟಿ ಹಸಿರು ತೋರಿಸುತ್ತಿದೆ, ನಾನು ಅಕ್ಕನಿಂದ ಕಲಿತಿದ್ದೀನಿ ಎಂದು ಅವನ ಬಾಯಿ ಮುಚ್ಚಿಸಿದಳಂತೆ.

"ಯಾರು ಹೇಳಿಕೊಟ್ಟಿದ್ದು ಅಂತ ಕೇಳಿದ್ರು ಸಿಸ್ಟರು," ಎಂದಳು. "ಯಾರೂ ಹೇಳಿಕೊಡಲಿಲ್ಲ, ನಾನೇ ನೋಡಿ ಕಲಿತೆ ಅಂದೆ."

ನಾನು ಅವಳ ಕೈ ಹಿಡಿಯಲು ಹೋದೆ. ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ. ನಾನು ಅಳುವಷ್ಟೂ ಅಳಲು ಬಿಟ್ಟಳು. ಕ್ಷಮಿಸು ಎಂದದ್ದು ಕೇಳಿಸಿತೋ ಇಲ್ಲವೋ, ಮಗುವಿನ ಹೊದಿಕೆ ಸರಿಮಾಡಿದಳು. ಆಮೇಲೆ ಹೇಳಿದಳು.

"ಅವತ್ತು ನಾನೊಬ್ಬಳೇ ಅಲ್ಲ ಅಕ್ಕ ಅಲ್ಲಿ ಕೂತಿದ್ದು. ಇನ್ನೂ ಎಷ್ಟು ಜನ ನೋಡಿ ಕಲಿತಿದ್ದಾರೋ, ಹೋಗಿ ನೋಡು."

ಮಾರನೆಯ ದಿನ ಬೆಳಿಗ್ಗೆಯೇ ಹೊರಟೆ. ಹದಿಮೂರು ಮನೆ, ಮಹಡಿ ಮೇಲಿನವೇ ಹೆಚ್ಚು. ಸುಮ್ಮನೆ ಬಂದೆ, ಮಗುವನ್ನು ಹೇಗೆ ಅಳೆಯುತ್ತೀಯ ತೋರಿಸು ಎಂದು ಪ್ರತಿ ತಾಯಿಗೂ ಹೇಳಿದೆ. ಒಬ್ಬೊಬ್ಬರೇ ಟ್ರಂಕಿನಿಂದ, ಕನ್ನಡಿಯ ಹಿಂದಿನಿಂದ ಪಟ್ಟಿ ತೆಗೆದು ಶ್ರದ್ಧೆಯಿಂದ ಅಳೆದು ತೋರಿಸಿದರು. ಹತ್ತು ಮನೆಯಲ್ಲಿ ಸರಿಯಾಗಿಯೇ ಇತ್ತು. ಮೂರು ಮನೆಯಲ್ಲಿ, ಮೂವರೂ, ನನ್ನ ಕಣ್ಣೆದುರಿಗೇ ಕಿರುಬೆರಳನ್ನು ಮೆತ್ತಗೆ ಪಟ್ಟಿಯ ಕೆಳಗೆ ತೂರಿಸಿದರು. ಅವರಲ್ಲಿ ಇಸ್ತ್ರಿಯವಳೂ ಒಬ್ಬಳು. ಸರಿಯಾಗಿ ಇಟ್ಟಿದ್ದೀನಾ ಟೀಚರಮ್ಮ, ನೀವು ನಿಮ್ಮ ತಂಗಿ ಮಗಳಿಗೆ ಇಟ್ಟ ಹಾಗೇ ಇಟ್ಟಿದ್ದೀನಿ ಎಂದು ಕೇಳಿದಳು. ನಾನು ಬೆರಳು ತೆಗೆಸಿ ಮತ್ತೆ ಸುತ್ತಿದೆ. ಅವಳ ಚಿಕ್ಕ ಮಗ ಹಳದಿಯಲ್ಲಿದ್ದ.

ಅವಳ ಮುಖ ನನ್ನ ಮುಖಕ್ಕೆ ಒಂದು ಗೇಣು ದೂರದಲ್ಲಿತ್ತು. ಯಾಕೆ ಹೀಗೆ ಎಂದು ಕೇಳಿದಳು. ನಿಜ ಹೇಳಲೆಂದೇ ನಾನು ಮೂರು ಮೆಟ್ಟಿಲ ಸಾಲು ಹತ್ತಿ ಬಂದಿದ್ದೆ. ಬಾಯಿ ತೆರೆದೆ.

"ಬೆರಳು ಇಡೋದು ಹಳೇ ಪದ್ಧತಿ," ಎಂದೆ. "ಈಗ ಹೊಸದು ಬಂದಿದೆ."

ಹೌದಾ ಎಂದು ತಲೆಯಾಡಿಸಿ, ಹೊಸ ಪದ್ಧತಿಯಲ್ಲಿ ಇನ್ನೊಂದು ಸಲ ಅಳೆದು ತೋರಿಸಿ, ಸರಿಯಾಗಿ ಕಲಿತುಕೊಳ್ಳುತ್ತೇನೆ ಎಂದಳು. ಉಳಿದ ಇಬ್ಬರಿಗೂ ನಾನು ಅದನ್ನೇ ಹೇಳಿದೆ. ಅವರೂ ನಂಬಿದರು.